ಅರಬರ ಮನೆಯ ಅನ್ನ

ಅನ್ನ ಮಾಡುವುದು ಹೇಗೆಂದು ಕನ್ನಡಿಗರಿಗೆ ಹೇಳಹೊರಡುವುದು, ಕಾವೇರಿಯ ಸೋಪಾನದಲ್ಲಿ ನಿಂತವರಿಗೆ ಚೊಂಬಿನಲ್ಲಿ ನೀರು ತಂದು ತೋರಿಸಿದಂತೆ. ನಮ್ಮ ಮನೆಗಳಲ್ಲಿ ಮಗುವಿನ ಬಾಯಿಗೆ ಮೊದಲು ಇಡುವ ತುತ್ತು ಅನ್ನ. ಹೋದವರಿಗೆ ಇಡುವ ಪಿಂಡವೂ ಅನ್ನ. ರಾಗಿ ಜೋಳಗಳನ್ನು ಉಣ್ಣುವ ಮಹನೀಯರು ಈ ಮಾತನ್ನು ಕ್ಷಮಿಸಬೇಕು. ಅಕ್ಕಿಯ ವಿಷಯದಲ್ಲಿ ಹೊರಗಿನವರಿಂದ ಕಲಿಯತಕ್ಕದ್ದು ಏನೂ ಇಲ್ಲವೆಂಬ ಹೆಮ್ಮೆ ನನಗೂ ಇತ್ತು. ಅದು ಮುರಿದುಬಿದ್ದದ್ದು ಕೈರೋ ನಗರದಲ್ಲಿ, ನಾಲ್ಕನೆಯ ಅಂತಸ್ತಿನ ಒಂದು ಸಣ್ಣ ಅಡಿಗೆಮನೆಯಲ್ಲಿ. ಆ ಕಥೆಯನ್ನೂ ಅಲ್ಲಿ ಕಲಿತ ಒಂದು ಸಾಧಾರಣವಾದ ಅನ್ನವನ್ನೂ ಕುರಿತು ನಾಲ್ಕು ಮಾತು ಹೇಳುತ್ತೇನೆ.

ಅರಬರ ಅನ್ನ ಎಂದೊಡನೆ ನಮ್ಮ ಪಟ್ಟಣಿಗರ ಕಣ್ಣಿಗೆ ಕಟ್ಟುವುದು ಹರಿವಾಣದಷ್ಟು ಅಗಲವಾದ ತಟ್ಟೆ, ಅದರ ತುಂಬ ಕೇಸರಿ ಬಣ್ಣದ ಅನ್ನ, ಅದರ ಮೇಲೊಂದು ಇಡಿಯ ಕುರಿ. ಅದು ಔತಣದ ಊಟ. ನಮ್ಮ ಮದುವೆಯ ಎಲೆಯನ್ನು ನೋಡಿ ಕನ್ನಡಿಗರು ದಿನವೂ ಹೋಳಿಗೆ ಉಣ್ಣುತ್ತಾರೆಂದು ಪರದೇಶದವನು ಭಾವಿಸಿದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ನಾನು ಹೇಳತಕ್ಕದ್ದು ದಿನದ ಅನ್ನ. ಈಜಿಪ್ಟಿನಲ್ಲಿ ಅದಕ್ಕೆ ‘ರುಜ್ ಬಿಶ್ ಶಅರಿಯ್ಯ’ ಎಂದು ಹೆಸರು. ಶಾವಿಗೆ ಸೇರಿಸಿದ ಅಕ್ಕಿ ಎಂದರ್ಥ. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಜೋರ್ಡಾನ್ ದೇಶಗಳ ಮನೆಗಳಲ್ಲಿಯೂ ಇದೇ ಅನ್ನ. ‘ಶಅರ್’ ಎಂದರೆ ಅರಬ್ಬಿಯಲ್ಲಿ ಕೂದಲು, ಕೂದಲಿನಂಥದು ಶಅರಿಯ್ಯ. ಬಿಳಿಯ ಅನ್ನದ ನಡುನಡುವೆ ಕಂದುಬಣ್ಣದ ಗೋಧಿಶಾವಿಗೆಯ ತುಂಡುಗಳು ಕಾಣುತ್ತಿರುತ್ತವೆ. ಅಕ್ಕಿ, ಶಾವಿಗೆ, ತುಪ್ಪ, ಉಪ್ಪು, ನೀರು: ಇಷ್ಟೇ ಸಾಮಗ್ರಿ. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಲವಂಗ ಚಕ್ಕೆಗಳ ಗೊಡವೆಯಿಲ್ಲ. ಮಾಂಸದ ಸಾರಿನಲ್ಲಿ ಬೇಯಿಸುವ ರೂಢಿಯುಂಟಾದರೂ ಬರಿಯ ನೀರಿನಲ್ಲಿ ಮಾಡುವ ಮನೆಗಳೂ ಬೇಕಾದಷ್ಟಿವೆ. ಆದುದರಿಂದ ನಮ್ಮ ಮಡಿಯ ಅಡಿಗೆಮನೆಗೂ ಇದು ಬರಬಹುದು.

ಅರಬರೆಲ್ಲರೂ ಒಂದೇ ಬಗೆಯ ಅಕ್ಕಿಯನ್ನು ಬಳಸುವುದಿಲ್ಲ. ಇರಾಕಿನಲ್ಲಿ ಅಕ್ಕಿಯ ಹೆಸರೇ ಬೇರೆ. ಅಲ್ಲಿ ಅದು ‘ತಿಮ್ಮನ್’. ನಜಫ್ ಪ್ರಾಂತದಲ್ಲಿ ಬೆಳೆಯುವ ‘ಅಂಬರ್’ ಎಂಬ ಅಕ್ಕಿಯ ಪರಿಮಳ ಆ ದೇಶದಲ್ಲೆಲ್ಲ ಪ್ರಸಿದ್ಧವಾದುದು. ಕೊಲ್ಲಿಯ ಸೀಮೆಗಳ ಜನ ನಮ್ಮ ಕಡೆಯಿಂದ ಹೋಗುವ ಬಾಸುಮತಿಯನ್ನೇ ಮೆಚ್ಚುತ್ತಾರೆ. ಈಜಿಪ್ಟಿನದು ನೈಲ್ ನದಿಯ ಮುಖಜಭೂಮಿಯಲ್ಲಿ ಬೆಳೆದ ಗಿಡ್ಡ ಕಾಳಿನ, ದುಂಡನೆಯ, ತುಸು ಅಂಟುಗುಣವುಳ್ಳ ಅಕ್ಕಿ. ಸಿರಿಯಾ ಲೆಬನಾನುಗಳ ಹಳ್ಳಿಗಳಲ್ಲಿಯಾದರೋ ಬಹುಕಾಲ ದಿನದ ಆಹಾರ ಅಕ್ಕಿಯಾಗಿರಲಿಲ್ಲ. ಗೋಧಿಯನ್ನು ಬೇಯಿಸಿ ಒಣಗಿಸಿ ಒಡೆದು ಮಾಡಿದ ‘ಬುರ್ಗುಲ್’ ಎಂಬ ನುಚ್ಚಾಗಿತ್ತು. ಅಕ್ಕಿ ದೊಡ್ಡವರ ಮನೆಯ ಪದಾರ್ಥ. ‘ಗೌರವವೆಲ್ಲ ಅಕ್ಕಿಗೆ ಹೋಯಿತು, ಬುರ್ಗುಲ್ ನೇಣು ಹಾಕಿಕೊಂಡಿತು’ ಎಂದು ಅಲ್ಲಿ ಒಂದು ಗಾದೆ. ನಮ್ಮ ಸೀಮೆಯಲ್ಲಿ ಅಕ್ಕಿ ರಾಗಿಗಳ ಜಗಳವನ್ನು ಬಲ್ಲವರಿಗೆ ಈ ಗಾದೆಯನ್ನು ವಿವರಿಸಬೇಕಾಗಿಲ್ಲ.

ಈ ಬಗೆಯ ಅನ್ನಕ್ಕೆ ಅರಬ್ಬಿಯಲ್ಲಿ ಇನ್ನೊಂದು ಹಳೆಯ ಹೆಸರುಂಟು: ‘ರುಜ್ ಮುಫಲ್ಫಲ್’. ಕ್ರಿ.ಶ. ೧೨೨೬ರಲ್ಲಿ ಬಾಗ್ದಾದಿನ ಮುಹಮ್ಮದ್ ಬಿನ್ ಹಸನ್ ಎಂಬಾತನು ಒಂದು ಪಾಕಶಾಸ್ತ್ರದ ಗ್ರಂಥವನ್ನು ಬರೆದನು. ಮನುಷ್ಯನ ಸುಖಗಳು ಆರು ಬಗೆಯವೆಂದೂ ಅವುಗಳಲ್ಲಿ ಊಟವೇ ಶ್ರೇಷ್ಠವೆಂದೂ ಪೀಠಿಕೆಯಲ್ಲಿಯೇ ನಿಸ್ಸಂಕೋಚವಾಗಿ ಸಾರಿದ ಪುಣ್ಯಾತ್ಮ ಆತ. ಅವನು ಬರೆದ ಮೂವತ್ತೆರಡು ವರ್ಷಕ್ಕೆ, ೧೨೫೮ರಲ್ಲಿ, ಮಂಗೋಲರು ಬಾಗ್ದಾದನ್ನು ಹಾಳುಮಾಡಿದರು. ನಗರ ಹೋಯಿತು, ಅಡಿಗೆಯ ಪುಸ್ತಕ ಉಳಿಯಿತು. ೧೯೩೪ರಲ್ಲಿ ಅದು ಮೋಸುಲ್ ನಗರದಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ಮುಫಲ್ಫಲ್ ಅನ್ನವಿದೆ. ಆತನದು ಮಾಂಸ ಕೂಡಿದ ಅಡಿಗೆ. ನಮಗೆ ಬೇಕಾದದ್ದು ಹೆಸರು ಮಾತ್ರ. ‘ಫಿಲ್ಫಿಲ್’ ಎಂದರೆ ಮೆಣಸು. ಮುಫಲ್ಫಲ್ ಎಂದೊಡನೆ ಮೆಣಸು ಹಾಕಿದ ಅನ್ನವೆಂದು ತಿಳಿಯಬಾರದು. ಮೆಣಸಿನ ಕಾಳುಗಳು ಒಂದಕ್ಕೊಂದು ಅಂಟದೆ ಹೇಗೆ ಉರುಳಾಡುತ್ತವೆಯೋ ಹಾಗೆ ಅಗುಳು ಅಗುಳಾಗಿ ಬಿಡಿಸಿಕೊಂಡಿರುವ ಅನ್ನ ಎಂಬುದು ಅಭಿಪ್ರಾಯ. ಈ ಫಿಲ್ಫಿಲ್ ಎಂಬ ಮಾತು ಪಾರಸಿಯ ‘ಪಿಲ್ಪಿಲ್’ ಎಂಬುದರಿಂದ ಬಂದದ್ದು. ಅದು ನಮ್ಮ ‘ಪಿಪ್ಪಲಿ’ಯ ರೂಪ. ನಾವು ಇಂದಿಗೂ ಕಷಾಯಕ್ಕೆ ಹಾಕುವ ಹಿಪ್ಪಲಿಯೇ ಅದು. ಪಶ್ಚಿಮ ಕರಾವಳಿಯಿಂದ ಸಂಬಾರ ತುಂಬಿದ ಹಡಗುಗಳು ಹೋದವು, ಹೆಸರೂ ಜೊತೆಗೆ ಹೋಯಿತು. ಹಿಪ್ಪಲಿಯ ಹೆಸರು ದಾರಿಯಲ್ಲಿ ಕರಿಮೆಣಸಿಗೆ ಅಂಟಿಕೊಂಡಿತು.

ಇನ್ನು ಕೈರೋ ನಗರದ ಕಥೆ. ನಾನು ಕೆಲವು ತಿಂಗಳು ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೆ. ಮನೆಯೊಡತಿ ವಯಸ್ಸಾದ ವಿಧವೆ. ನೆರೆಹೊರೆಯವರೆಲ್ಲ ಆಕೆಯನ್ನು ‘ಹಾಗ್ಗಾ’ ಎಂದು ಕರೆಯುತ್ತಿದ್ದರು. ಮೆಕ್ಕಾ ಯಾತ್ರೆಯನ್ನು ಮಾಡಿಬಂದ ಹೆಂಗಸಿಗೂ, ಮಾಡದಿದ್ದರೂ ಹಿರಿಯಳಾದವಳಿಗೂ ಆ ಊರಿನಲ್ಲಿ ಸಲ್ಲುವ ಗೌರವದ ಹೆಸರು ಅದು. ಆಕೆ ನನ್ನನ್ನು ‘ಯಾ ಇಬ್ನಿ’, ಮಗನೇ, ಎನ್ನುವಳು. ಆದಾಯ ಅಷ್ಟಕ್ಕಷ್ಟೇ. ಸರ್ಕಾರದ ಪಡಿತರ ಚೀಟಿಯ ಮೇಲೆ ತಂದ ಅಕ್ಕಿಯನ್ನು ತಗಡಿನ ತಟ್ಟೆಯಲ್ಲಿ ಹರಡಿ, ಕಿಟಕಿಯ ಬೆಳಕಿನಲ್ಲಿ ಕುಳಿತು, ಕಲ್ಲು ನೆಲ್ಲುಗಳನ್ನು ಆರಿಸುತ್ತಿದ್ದಳು. ನನ್ನ ತಾಯಿ ಮೊರವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತಿದ್ದ ಭಂಗಿಯೇ ಅದು. ಅದನ್ನು ಕಂಡೇ ಆ ಮನೆ ನನಗೆ ಹಿಡಿಸಿದ್ದು.

ತಿಂಗಳ ಕೊನೆಯ ಒಂದು ದಿನ ಆಕೆ ಒಲೆಯ ಮೇಲೆ ಅನ್ನವನ್ನಿಟ್ಟು, ಉರಿಯನ್ನು ತಗ್ಗಿಸಿ, ಮುಚ್ಚಳವನ್ನು ಮುಚ್ಚಿ, ‘ಮಗನೇ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷಕ್ಕೆ ಉರಿ ಆರಿಸು. ಮುಚ್ಚಳ ಮುಟ್ಟಬೇಡ’ ಎಂದು ಹೇಳಿ ಕೆಳಗಿನ ಅಂತಸ್ತಿನಲ್ಲಿದ್ದ ಕಾಯಿಲೆಯವರನ್ನು ನೋಡಲು ಹೋದಳು. ನಾನು ಅನ್ನ ಉಣ್ಣುವ ದೇಶದವನು. ಐದು ನಿಮಿಷಕ್ಕೆ ಮುಚ್ಚಳವನ್ನು ತೆಗೆದೆ. ಒಂದಗುಳನ್ನು ಹಿಸುಕಿ ನೋಡಿದೆ. ನಡುವೆ ಕಾಳು ಗಟ್ಟಿಯಾಗಿತ್ತು. ಪಾತ್ರೆಯಲ್ಲಿ ನೀರು ಕಾಣಲಿಲ್ಲ. ಸೀದುಹೋದೀತೆಂದು ಹೆದರಿ ಅರ್ಧ ಲೋಟ ತಣ್ಣೀರು ಹೊಯ್ದು, ಚೆನ್ನಾಗಿರಲೆಂದು ಸೌಟಿನಿಂದ ಒಮ್ಮೆ ತಿರುವಿದೆ. ಮತ್ತೆ ತೆಗೆದೆ, ಮತ್ತೆ ಹಿಸುಕಿದೆ. ಆಕೆ ಹಿಂದಿರುಗುವ ವೇಳೆಗೆ ಪಾತ್ರೆಯಲ್ಲಿದ್ದದ್ದು ಮೇಲೆ ಮುದ್ದೆ, ಕೆಳಗೆ ಸೀಕಲು. ಚೀಟಿಯ ಅಕ್ಕಿ ಅಂದಿಗೆ ಮುಗಿದಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಆಕೆ ಬೈಯಲಿಲ್ಲ. ಮುದ್ದೆಯಲ್ಲಿ ಸೀಯದಿದ್ದ ಭಾಗವನ್ನು ನನಗೆ ಬಡಿಸಿ ತಾನು ರೊಟ್ಟಿಯನ್ನು ತಿಂದಳು. ಈಜಿಪ್ಟಿನವರು ರೊಟ್ಟಿಗೆ ‘ಐಶ್’ ಎನ್ನುತ್ತಾರೆ. ಬದುಕು ಎಂಬುದೇ ಆ ಮಾತಿನ ಅರ್ಥ. ಅಂದಿನ ಆ ತುತ್ತು ನನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ನನ್ನ ತಪ್ಪಿಗೆ ನಮ್ಮ ಸಂಸ್ಕೃತ ವಿದ್ಯೆಯೇ ಸ್ವಲ್ಪ ಮಟ್ಟಿಗೆ ಕಾರಣವೆಂದರೆ ನಗಬೇಡಿ. ಸ್ಥಾಲೀಪುಲಾಕ ನ್ಯಾಯವನ್ನು ನಾವೆಲ್ಲ ಬಲ್ಲೆವು: ಒಂದಗುಳು ಬೆಂದಿದ್ದರೆ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯಬಹುದು. ಈ ನ್ಯಾಯ ಹುಟ್ಟಿದ್ದು ಧಾರಾಳವಾಗಿ ಎಸರಿಟ್ಟು, ಅಕ್ಕಿಯನ್ನು ಕುದಿಸಿ, ಬೆಂದ ಮೇಲೆ ಗಂಜಿ ಬಸಿಯುವ ಅಡಿಗೆಮನೆಯಲ್ಲಿ ಎಂದು ನನ್ನ ಊಹೆ. ಅಲ್ಲಿ ನೀರಿನಲ್ಲಿ ಅಗುಳುಗಳೆಲ್ಲ ಒಂದೇ ಸಮನಾಗಿ ಕುಣಿಯುತ್ತಿರುತ್ತವೆ. ಒಂದರ ಸ್ಥಿತಿಯೇ ಎಲ್ಲದರ ಸ್ಥಿತಿ. ನೀರು ಹೆಚ್ಚಾದರೂ ಭಯವಿಲ್ಲ, ಬಸಿದುಬಿಟ್ಟರಾಯಿತು. ಅರಬರ ಈ ಅನ್ನದಲ್ಲಿ ಬಸಿಯತಕ್ಕದ್ದು ಏನೂ ಇಲ್ಲ. ಅಕ್ಕಿ ಎಷ್ಟನ್ನು ಕುಡಿಯಬಲ್ಲುದೋ ಅಷ್ಟೇ ನೀರನ್ನು ಅಳೆದು ಕೊಡುವುದು. ಕಾವಿನಲ್ಲಿ, ಆಮೇಲೆ ಹಬೆಯಲ್ಲಿ, ಅದು ಪೂರ ಇಂಗಬೇಕು. ಒಲೆಯ ಮೇಲಿರುವಾಗ ತಳದ ಅಗುಳು ಒಂದು ಬಗೆ, ಮೇಲಿನದು ಇನ್ನೊಂದು ಬಗೆ. ಒಂದನ್ನು ಹಿಸುಕಿ ಪ್ರಯೋಜನವಿಲ್ಲ. ಹಿಸುಕಲು ಮುಚ್ಚಳವನ್ನು ತೆಗೆದರೆ ಮೇಲಿನ ಅಗುಳನ್ನು ಬೇಯಿಸಬೇಕಾದ ಹಬೆಯೇ ಹೊರಟುಹೋಗುತ್ತದೆ. ಇಲ್ಲಿ ಪರೀಕ್ಷೆ ಆಗತಕ್ಕದ್ದು ಒಲೆ ಹಚ್ಚುವ ಮುಂಚೆ, ಅಳತೆಯ ಲೋಟದಲ್ಲಿ.

ಮಾಡುವ ಕ್ರಮವನ್ನು ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಬಹುದು, ನಾಲ್ಕು ಐದು ಜನಕ್ಕೆ ಸಾಕಾಗುವ ಪ್ರಮಾಣ ಇದು. ಎರಡು ಲೋಟ ಅಕ್ಕಿ. ಅದನ್ನು ನಾಲ್ಕಾರು ನೀರಿನಲ್ಲಿ ತೊಳೆಯಬೇಕು, ನೀರು ಬಹುಮಟ್ಟಿಗೆ ತಿಳಿಯಾಗುವ ತನಕ. ಅಕ್ಕಿಯ ಮೈಮೇಲೆ ಕುಳಿತ ಹಿಟ್ಟೇ ಅಗುಳುಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು, ಅದು ಹೋಗಬೇಕು. ತೊಳೆದ ಅಕ್ಕಿಯನ್ನು ಕಾಲು ಗಂಟೆ ನೆನೆಯಿಸಿ, ನೀರನ್ನು ಪೂರ್ತಿಯಾಗಿ ಸೋಸಿ ಇಟ್ಟುಕೊಳ್ಳಿ. ಗೋಧಿಯ ಸಣ್ಣ ಶಾವಿಗೆಯನ್ನು ಒಂದಂಗುಲದಷ್ಟು ಉದ್ದಕ್ಕೆ ಮುರಿದು ಅರ್ಧ ಲೋಟ ತುಂಬಿಕೊಳ್ಳಿ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮನೆಯಲ್ಲಿಯೇ ಹೊಸೆದು ಒಣಗಿಸಿದ ಶಾವಿಗೆ ಇದಕ್ಕೆ ಬಹಳ ಚೆನ್ನು. ಅಕ್ಕಿಯ ಒತ್ತುಶಾವಿಗೆ ಆಗದು. ಅಂಗಡಿಯಲ್ಲಿ ಹುರಿದೇ ಮಾರುವ ಶಾವಿಗೆಯೂ ಬೇಡ. ಹುರಿಯುವ ಕೆಲಸವೇ ಈ ಅಡಿಗೆಯ ಮುಕ್ಕಾಲು ರುಚಿ.

ದಪ್ಪ ತಳದ, ಬಿಗಿಯಾಗಿ ಕೂರುವ ಮುಚ್ಚಳದ ಪಾತ್ರೆಯನ್ನು ಒಲೆಯ ಮೇಲಿಟ್ಟು ಎರಡು ದೊಡ್ಡ ಚಮಚ ತುಪ್ಪ ಹಾಕಿ. ಕೈರೋ ನಗರದಲ್ಲಿ ‘ಸಮ್ನ್’ ಎನ್ನುವುದು ನಮ್ಮ ತುಪ್ಪವನ್ನೇ. ಎಮ್ಮೆಯ ಹಾಲಿನದೂ ಉಂಟು. ತುಪ್ಪ ಕರಗಿದೊಡನೆ ಶಾವಿಗೆಯನ್ನು ಹಾಕಿ, ಹದವಾದ ಉರಿಯಲ್ಲಿ ಕೈಬಿಡದೆ ತಿರುವುತ್ತಿರಬೇಕು. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಬೀದಿಯಲ್ಲಿ ಯಾರೋ ಕರೆದರೆಂದು ಕಿಟಕಿಗೆ ಹೋಗುವುದು ಆಗಲೇ. ಹಿಂದಿರುಗಿ ಬಂದರೆ ಅರ್ಧ ಶಾವಿಗೆ ಕರಿಯ ಬಣ್ಣಕ್ಕೆ ತಿರುಗಿರುತ್ತದೆ. ಪಾಯಸಕ್ಕೆ ಹುರಿದ ಹೊಂಬಣ್ಣ ಇದಕ್ಕೆ ಸಾಲದು. ಅದನ್ನು ದಾಟಿ ಹಳೆಯ ಬೆಲ್ಲದ ಬಣ್ಣ ಬರಬೇಕು. ನೀರು ಬಿದ್ದ ಮೇಲೆ ಬಣ್ಣ ಇಳಿದುಹೋಗುವುದರಿಂದ ಒಂದು ಹೆಜ್ಜೆ ಮುಂದೆ ಹೋಗಬೇಕೆಂದು ಹಾಗ್ಗಾ ಹೇಳುವಳು. ಆ ಘಳಿಗೆಯಲ್ಲಿ ಸೋಸಿದ ಅಕ್ಕಿಯನ್ನು ಹಾಕಿದರೆ ಶಾವಿಗೆ ಮುಂದಕ್ಕೆ ಸೀಯುವುದು ನಿಲ್ಲುತ್ತದೆ. ಎರಡು ನಿಮಿಷ ಮೆಲ್ಲಗೆ ಕೆದಕಿ, ಕಾಳು ಕಾಳಿಗೂ ತುಪ್ಪದ ಪಸೆ ತಾಗಬೇಕು.

ಇನ್ನು ನೀರು. ಅಕ್ಕಿಯನ್ನು ಅಳೆದ ಲೋಟದಿಂದಲೇ ನೀರನ್ನು ಅಳೆಯತಕ್ಕದ್ದು. ಈಜಿಪ್ಟಿನ ಅಕ್ಕಿಗೆ ಎರಡು ಲೋಟಕ್ಕೆ ಮೂರು ಲೋಟ ನೀರು ಸಾಕು. ನಮ್ಮ ಸೋನಾ ಮಸೂರಿಯಂಥ ಅಕ್ಕಿ, ಅದರಲ್ಲಿಯೂ ಒಂದು ವರ್ಷ ಹಳೆಯದಾದರೆ, ಹೆಚ್ಚು ಕುಡಿಯುತ್ತದೆ. ಮೂರು ಮುಕ್ಕಾಲರಿಂದ ನಾಲ್ಕರವರೆಗೆ ಬೇಕಾದೀತು. ಒಮ್ಮೆ ಮಾಡಿ ನೋಡಿ ನಿಮ್ಮ ಮನೆಯ ಅಕ್ಕಿಯ ಲೆಕ್ಕವನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿ. ನೀರು ಕುದಿಯುತ್ತಿರಬೇಕು, ತಣ್ಣೀರಲ್ಲ. ಒಂದೂಕಾಲು ಸಣ್ಣ ಚಮಚ ಉಪ್ಪು. ದೊಡ್ಡ ಉರಿಯಲ್ಲಿ ಕುದಿಯಲು ಬಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಅಕ್ಕಿಯ ಮಟ್ಟಕ್ಕೆ ಇಳಿದು, ಮೇಲೆ ಇರುವೆಯ ಗೂಡಿನಂತೆ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಅದೇ ಗುರುತು. ಉರಿಯನ್ನು ಆದಷ್ಟು ಸಣ್ಣದು ಮಾಡಿ, ಮುಚ್ಚಳವನ್ನು ಮುಚ್ಚಿ, ಹನ್ನೆರಡರಿಂದ ಹದಿನೈದು ನಿಮಿಷ ಬಿಟ್ಟುಬಿಡಿ. ಆಮೇಲೆ ಒಲೆಯನ್ನು ಆರಿಸಿ, ಮುಚ್ಚಳವನ್ನು ಚಟಕ್ಕನೆ ಎತ್ತಿ ಒಂದು ಒಣಬಟ್ಟೆಯನ್ನು ಹೊದಿಸಿ ಮತ್ತೆ ಮುಚ್ಚಿ ಹತ್ತು ನಿಮಿಷ ಹಾಗೆಯೇ ಇರಬೇಕು. ಮುಚ್ಚಳಕ್ಕೆ ತಾಗಿ ತಣಿದ ಹಬೆ ಹನಿಯಾಗಿ ಅನ್ನದ ಮೇಲೆ ಬೀಳದಂತೆ ಬಟ್ಟೆ ಹೀರಿಕೊಳ್ಳುತ್ತದೆ. ಪಾತ್ರೆಯೊಳಗಿನ ತೇವ ತಳದಿಂದ ಮೇಲಿನವರೆಗೆ ಸಮನಾಗಿ ಹರಡಿಕೊಳ್ಳುತ್ತದೆ. ಕೊನೆಗೆ ಚಮಚದ ಹಿಡಿಯಿಂದ ಅಂಚಿನಿಂದ ಒಳಕ್ಕೆ ಮೆಲ್ಲಗೆ ಎತ್ತಿ ಬಿಡಿಸಬೇಕು. ಸೌಟು ಹಾಕಿ ತಿರುವಿದರೆ ನನ್ನ ಗತಿಯೇ ನಿಮಗೂ. ನಮ್ಮ ಮನೆಗಳ ಸೀಟಿ ಹೊಡೆಯುವ ಕುಕ್ಕರು ಅವಸರಕ್ಕೆ ದೊಡ್ಡ ಉಪಕಾರಿ, ಒಪ್ಪತಕ್ಕ ಮಾತು. ಈ ಅನ್ನಕ್ಕೆ ಮಾತ್ರ ಅದನ್ನು ಕರೆಯಬೇಡಿ.

ನೀರನ್ನು ಇಂಗಿಸುವ ಈ ಕ್ರಮದಲ್ಲಿ ಇನ್ನೊಂದು ಲಾಭವಿದೆ. ಅಕ್ಕಿಯಲ್ಲಿರುವ ‘ಬಿ’ ಜೀವಸತ್ತ್ವಗಳು ನೀರಿನಲ್ಲಿ ಕರಗುವಂಥವು. ಗಂಜಿ ಬಸಿದಾಗ ಅವುಗಳಲ್ಲಿ ಒಂದು ಪಾಲು ಗಂಜಿಯೊಡನೆ ಹೊರಟುಹೋಗುತ್ತದೆ. ನುಣ್ಣಗೆ ಪಾಲಿಶು ಮಾಡಿದ ಅಕ್ಕಿಯಲ್ಲಿ ಅವು ಮೊದಲೇ ಕಡಮೆ. ಬರಿಯ ಬಿಳಿಯಕ್ಕಿಯನ್ನು ತಿಂದ ಕೋಳಿಗಳಿಗೆ ಬೆರಿಬೆರಿಯಂಥ ಕಾಲುಸೋಲುವ ರೋಗ ಬರುವುದನ್ನು ಡಚ್ಚರ ಜಾವಾದ್ವೀಪದಲ್ಲಿ ೧೮೯೦ರ ದಶಕದಲ್ಲಿ ಕಂಡುಹಿಡಿದ ಐಕ್ಮನ್ ಎಂಬ ವೈದ್ಯನಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಂಜಿಯನ್ನು ಉಪ್ಪು ಮಜ್ಜಿಗೆ ಹಾಕಿ ಕುಡಿಯುವ ಹಳ್ಳಿಯವನಿಗೆ ಈ ನಷ್ಟವಿಲ್ಲ. ಬಚ್ಚಲಿಗೆ ಚೆಲ್ಲುವ ಪಟ್ಟಣಿಗರಾದ ನಮಗೆ ಉಂಟು. ಅಕ್ಕಿಯನ್ನು ಬಹಳವಾಗಿ ತೊಳೆದರೂ ಸ್ವಲ್ಪ ಹೋಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಬಿಡಿಬಿಡಿಯಾದ ಅಗುಳಿಗೆ ತೆರುವ ಬೆಲೆ ಅದು.

ನೀರೆಂದ ಮೇಲೆ ಒಂದು ಮಾತು ನೆನಪಾಗುತ್ತದೆ. ಈಜಿಪ್ಟಿಗೆ ಇರುವುದು ಒಂದೇ ನದಿ. ಬತ್ತವಾದರೋ ನೀರಿನಲ್ಲಿಯೇ ನಿಲ್ಲಬೇಕಾದ ಬೆಳೆ. ಸಮುದ್ರಕ್ಕೆ ಹತ್ತಿರವಾದ ಹೊಲಗಳಲ್ಲಿ ನೀರು ನಿಲ್ಲಿಸಿ ಬತ್ತವನ್ನು ಬೆಳೆಯದಿದ್ದರೆ ಉಪ್ಪು ಮೇಲೇರಿ ಭೂಮಿ ಕೆಡುತ್ತದೆಂದು ರೈತರು ಹೇಳುತ್ತಾರೆ. ಬೆಳೆದರೆ ನದಿ ಸಾಲದೆಂದು ಸರ್ಕಾರ ಹೇಳುತ್ತದೆ. ೨೦೧೮ರಲ್ಲಿ ಬತ್ತದ ಭೂಮಿಯನ್ನು ಬಹಳವಾಗಿ ಕಡಮೆ ಮಾಡಿ ಆಜ್ಞೆಯಾಯಿತು. ಮಂಡ್ಯದ ನಾಲೆಗಳ ಬಯಲಿನವರಿಗೆ ಈ ವಾದದ ಎರಡು ಪಕ್ಷವೂ ಚೆನ್ನಾಗಿ ಅರ್ಥವಾಗುತ್ತದೆ. ಹಾಗ್ಗಾಗೆ ಇದರ ರಾಜಕೀಯ ತಿಳಿಯದು. ಅಕ್ಕಿಯ ಬೆಲೆ ಏರಿದುದು ಮಾತ್ರ ತಿಳಿಯುವುದು. ಅಂದಿನ ದಿನ ಲೋಟವನ್ನು ಬಾಯಿಗೆ ಸಮನಾಗಿ ಕೈಯಿಂದ ಸವರಿ ಅಳೆಯುವಳು.

ಈ ಅನ್ನಕ್ಕೆ ಜೊತೆ ಯಾವುದು? ಈಜಿಪ್ಟಿನಲ್ಲಿ ಮೊದಲ ಹೆಸರು ‘ಮುಲೂಖಿಯ್ಯ’. ಸೆಣಬಿನ ಜಾತಿಯ ಒಂದು ಗಿಡದ ಎಲೆಯನ್ನು ನುಣ್ಣಗೆ ಹೆಚ್ಚಿ ಮಾಡಿದ ಹಸಿರು ಸಾರು. ನಮ್ಮ ಬೆಂಡೆಯಂತೆ ಲೋಳೆಯಾಗಿರುತ್ತದೆ. ಕ್ರಿ.ಶ. ೧೦೦೦ದ ಸುಮಾರಿನಲ್ಲಿ ಅಲ್ ಹಾಕಿಮ್ ಎಂಬ ಖಲೀಫನು ಇದನ್ನು ತಿನ್ನಕೂಡದೆಂದು ಆಜ್ಞೆ ಮಾಡಿದ್ದನಂತೆ. ಖಲೀಫನೂ ಹೋದ, ಆಜ್ಞೆಯೂ ಹೋಯಿತು, ಸೊಪ್ಪು ಉಳಿದಿದೆ. ಸಾರು ಕುದಿದ ಮೇಲೆ ಬೆಳ್ಳುಳ್ಳಿಯನ್ನೂ ಕೊತ್ತಂಬರಿ ಬೀಜದ ಪುಡಿಯನ್ನೂ ತುಪ್ಪದಲ್ಲಿ ಹುರಿದು ಚೊಂಯ್ ಎಂದು ಅದರ ಮೇಲೆ ಸುರಿಯುತ್ತಾರೆ. ಕಂಡೊಡನೆ ನಾನು ‘ಒಗ್ಗರಣೆ!’ ಎಂದು ಕೂಗಿದೆ. ಆ ಕ್ಷಣದಲ್ಲಿ ಅಡಿಗೆಯವಳು ಬೆಚ್ಚಿಬಿದ್ದವಳಂತೆ ‘ಹಾ’ ಎಂದು ಉಸಿರನ್ನು ಒಳಕ್ಕೆಳೆದುಕೊಳ್ಳಬೇಕೆಂಬುದು ಅಲ್ಲಿನ ಸಂಪ್ರದಾಯ. ಇಲ್ಲದಿದ್ದರೆ ರುಚಿ ಕೆಡುವುದಂತೆ. ಹಾಗ್ಗಾ ಒಂದು ಸಲವೂ ತಪ್ಪಿದವಳಲ್ಲ. ಬೆಳ್ಳುಳ್ಳಿ ಒಲ್ಲದವರು ಗಟ್ಟಿ ಮೊಸರಿನಲ್ಲಿ ಸೌತೆಕಾಯಿಯನ್ನೂ ಒಣಗಿದ ಪುದೀನವನ್ನೂ ಕಲಸಿ ಸಿರಿಯಾದವರಂತೆ ಉಣ್ಣಬಹುದು. ನಮ್ಮ ತಿಳಿಸಾರೂ ಇದಕ್ಕೆ ಹೊಂದುತ್ತದೆ. ಸಾಂಬಾರು ಹೊಂದುವುದಿಲ್ಲ, ಹುರಿದ ಶಾವಿಗೆಯ ಪರಿಮಳವನ್ನು ಅದು ನುಂಗಿಬಿಡುತ್ತದೆ.

ಕೈರೋ ನಗರದ ಮನೆಗಳಲ್ಲಿ ಉಪ್ಪರಿಗೆಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದನ್ನು ಬೀದಿಗೆ ಇಳಿಬಿಡುತ್ತಾರೆ. ಮಾರುವವನಿಂದ ತರಕಾರಿಯನ್ನೋ ರೊಟ್ಟಿಯನ್ನೋ ಅದರಲ್ಲಿ ಹಾಕಿಸಿಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಮುಂದಿನ ತಿಂಗಳ ಅಕ್ಕಿ ಬಂದ ದಿನ ನಾನು ಹಾಗ್ಗಾಳ ಮುಂದೆ ಗಡಿಯಾರವನ್ನಿಟ್ಟುಕೊಂಡು, ಮುಚ್ಚಳವನ್ನು ಮುಟ್ಟದೆ, ಇಪ್ಪತ್ತೈದು ನಿಮಿಷ ಕುಳಿತೆ. ಆಕೆ ಬಟ್ಟೆಯನ್ನು ತೆಗೆದು ನೋಡಿದಳು. ಏನೂ ಹೇಳದೆ ಒಂದು ಬಟ್ಟಲಿಗೆ ಅನ್ನವನ್ನು ತುಂಬಿ, ಮೇಲೊಂದು ತಟ್ಟೆಯನ್ನು ಮುಚ್ಚಿ, ಬುಟ್ಟಿಯಲ್ಲಿಟ್ಟು, ಕೆಳಗಿನ ಅಂತಸ್ತಿನ ಕಾಯಿಲೆಯವರಿಗೆ ಇಳಿಬಿಟ್ಟಳು. ‘ಹಿಂದೀಯ ಹುಡುಗ ಮಾಡಿದ್ದು’ ಎಂದು ಕಿಟಕಿಯಿಂದ ಕೂಗಿ ಹೇಳಿದಳು, ಬೀದಿಗೆಲ್ಲ ಕೇಳಿಸಿತು. ಸಂಜೆಗೆ ಬಟ್ಟಲು ಮೇಲಕ್ಕೆ ಬಂದಿತು. ನಮ್ಮಲ್ಲಿಯಂತೆಯೇ ಅಲ್ಲಿಯೂ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರಲ್ಲಿ ಐದು ಖರ್ಜೂರವಿದ್ದವು. ಹಾಗ್ಗಾ ಎರಡನ್ನು ತಾನಿಟ್ಟುಕೊಂಡು ಮೂರನ್ನು ನನಗೆ ಕೊಟ್ಟಳು.